ಉತ್ತರ ಕನ್ನಡದ ಕರಾವಳಿಯಲ್ಲಿ ಮನೆಯ ನೆಲದ ಪ್ರಶ್ನೆ (1930ರಿಂದ ಈಚೆಗೆ)

1. ವಿಷಯ ಪ್ರವೇಶ

'ಮನೆಯಿಲ್ಲದವರು' ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮಹಾನಗರದ ಚಿತ್ರ. ರಸ್ತೆಯ ಬದಿಯಲ್ಲಿ, ಸೇತುವೆಯ ಅಡಿಯಲ್ಲಿ, ಗುಡಿಯ ಜಗಲಿಯಲ್ಲಿ ರಾತ್ರಿ ಕಳೆಯುವವರನ್ನು ನಾವು ಆ ಹೆಸರಿನಿಂದ ಕರೆಯುತ್ತೇವೆ. ನಮ್ಮ ದೇಶದ ಜನಗಣತಿಯೂ ಬಯಲಿನಲ್ಲಿ, ಹಾದಿಯ ಬದಿಯಲ್ಲಿ ಮಲಗುವವರನ್ನೇ ಮನೆಯಿಲ್ಲದವರೆಂದು ಎಣಿಸುತ್ತದೆ. ಆದರೆ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮಟ್ಟಿಗೆ ಈ ಅರ್ಥ ಸಾಲದು. ಇಲ್ಲಿನ ಎಷ್ಟೋ ಬಡ ಕುಟುಂಬಗಳಿಗೆ ಗೋಡೆಯುಂಟು, ಮಾಡುಂಟು, ಅಂಗಳದಲ್ಲಿ ತುಳಸಿಯುಂಟು, ಹಿತ್ತಿಲಿನಲ್ಲಿ ನಾಲ್ಕು ತೆಂಗಿನ ಮರಗಳೂ ಉಂಟು. ಮನೆ ನಿಂತ ನೆಲ ಮಾತ್ರ ಆ ಮನೆಯವರದಲ್ಲ. ಹಿಂದೆ ಅದು ಒಡೆಯರದಾಗಿತ್ತು. ಇಂದು ಬಹಳ ಕಡೆ ಅರಣ್ಯ ಇಲಾಖೆಯದು. ಜನಗಣತಿಯ ಲೆಕ್ಕದಲ್ಲಿ ಇಂಥವರು ಮನೆಯುಳ್ಳವರು. ಕಂದಾಯದ ದಾಖಲೆಯಲ್ಲಿ ಅವರ ಹೆಸರೇ ಇರುವುದಿಲ್ಲ.

ಈ ಎರಡು ಲೆಕ್ಕಗಳ ನಡುವೆ ಸಿಕ್ಕಿಕೊಂಡ ಮನುಷ್ಯನಿಗೆ ಸರಕಾರದ ನೆರವು ಯಾವ ದಾರಿಯಿಂದ ತಲುಪಿತು, ಯಾರ ಮೂಲಕ ತಲುಪಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಶಾಸನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿಧಾನಸಭೆಯಲ್ಲಿ ನಿಂತುಬಿಡುತ್ತಾರೆ. ಶಾಸನವು ವಿಧಾನಸಭೆಯಿಂದ ಹೊರಟು ಒಂದು ಕೊಪ್ಪದ ಅಥವಾ ಕೇರಿಯ ಗುಡಿಸಲಿನ ಬಾಗಿಲಿಗೆ ಬರುವವರೆಗಿನ ಹಾದಿಯೂ ಚರಿತ್ರೆಯ ಭಾಗವೇ ಆಗಿದೆ. ಆ ಹಾದಿಯಲ್ಲಿ ಸರಕಾರಕ್ಕೂ ಬಡವನಿಗೂ ನಡುವೆ ನಿಂತು ಕೆಲಸ ಮಾಡಿದ ಸಂಸ್ಥೆಗಳನ್ನು ಬಿಟ್ಟರೆ ಕಾನೂನಿನ ಕಥೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನಮ್ಮ ಪ್ರತಿಪಾದನೆ.

2. ನೆಲದ ಸ್ವರೂಪ ಮತ್ತು ಹಿಡುವಳಿಯ ಪದ್ಧತಿ

ಸಹ್ಯಾದ್ರಿಯ ಬುಡಕ್ಕೂ ಅರಬ್ಬೀ ಸಮುದ್ರಕ್ಕೂ ನಡುವೆ ಹಬ್ಬಿರುವ ಈ ಕಿರಿದಾದ ಪಟ್ಟಿಯಲ್ಲಿ ಸಮತಟ್ಟಾದ ನೆಲ ಬಹಳ ಕಡಿಮೆ. ಅಘನಾಶಿನಿ, ಶರಾವತಿ ನದಿಗಳ ಬಯಲಿನಲ್ಲಿ ಬತ್ತದ ಗದ್ದೆಗಳು. ಅವುಗಳ ಅಂಚಿನಲ್ಲಿ ತೆಂಗಿನ ತೋಟಗಳು. ಅದರಾಚೆಗೆ ಬೆಟ್ಟ ಮತ್ತು ಕಾಡು. ಜಿಲ್ಲೆಯ ಒಟ್ಟು ವಿಸ್ತಾರದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅರಣ್ಯವೆಂದು ದಾಖಲಾಗಿದೆ. ಉಳಿದ ಒಂದು ಪಾಲಿನಲ್ಲಿಯೇ ಊರು, ಪೇಟೆ, ಗದ್ದೆ, ತೋಟ, ರಸ್ತೆಗಳೆಲ್ಲವೂ ಅಡಕವಾಗಬೇಕು. ಮನೆಯ ನೆಲದ ಪ್ರಶ್ನೆ ಬಯಲುಸೀಮೆಗಿಂತ ಇಲ್ಲಿ ತೀವ್ರವಾಗಿರುವುದಕ್ಕೆ ಇದೇ ಮೊದಲ ಕಾರಣ.

ಎರಡನೆಯ ಕಾರಣ ಹಿಡುವಳಿಯ ಪದ್ಧತಿ. 1862ರಲ್ಲಿ ಈ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಭಟ್ಕಳವು ಆಗ ಹೊನ್ನಾವರ ತಾಲೂಕಿಗೆ ಸೇರಿದ ಒಂದು ಪೇಟಾ ಆಗಿತ್ತು. ಆಡಳಿತ ಬದಲಾದರೂ ಕರಾವಳಿಯ ಹಳೆಯ ಗೇಣಿ ಪದ್ಧತಿಗಳು ಮುಂದುವರಿದವು. ಮೂಲಗೇಣಿಯವನ ಹಕ್ಕು ಶಾಶ್ವತವಾದದ್ದು. ಚಾಲಗೇಣಿಯವನ ಹಕ್ಕಾದರೋ ಒಡೆಯನ ಮರ್ಜಿ ಇರುವಷ್ಟು ಕಾಲದ್ದು. ಚಾಲಗೇಣಿಯ ಒಕ್ಕಲು ತಾನು ಉಳುವ ಗದ್ದೆಯ ದಂಡೆಯ ಮೇಲೆಯೇ ಒಡೆಯನ ನೆಲದಲ್ಲಿ ಮಣ್ಣಿನ ಗೋಡೆ ಎತ್ತಿ, ಹುಲ್ಲಿನದೋ ತೆಂಗಿನ ಗರಿಯದೋ ಮಾಡು ಹೊದಿಸಿ ವಾಸಿಸುತ್ತಿದ್ದನು. ಗೋಡೆ, ಮಾಡು, ಬಾಗಿಲು ಅವನ ದುಡಿಮೆಯವು. ಅಡಿಯ ನೆಲ ಒಡೆಯನದು. ಹೀಗಾಗಿ ಗೇಣಿ ತಪ್ಪಿದರೆ ಗದ್ದೆಯೊಡನೆ ಮನೆಯೂ ಹೋಗುತ್ತಿತ್ತು. ಒಕ್ಕಲೆಬ್ಬಿಸುವುದು ಎಂಬ ನಮ್ಮ ಭಾಷೆಯ ಮಾತಿನಲ್ಲಿ ಈ ಎರಡು ನಷ್ಟಗಳೂ ಒಂದಾಗಿ ಸೇರಿವೆ.

3. ಕರನಿರಾಕರಣೆ ಮತ್ತು ಮರಳಿ ಬಂದ ಜಮೀನು

ಈ ಜಿಲ್ಲೆಯಲ್ಲಿ ಮನೆಮಾರು ಕಳೆದುಕೊಂಡವರಿಗೆ ಸಾರ್ವಜನಿಕ ಕಾರ್ಯಕರ್ತರು ಸಂಘಟಿತರಾಗಿ ನೆರವಾದುದಕ್ಕೆ ಪ್ರಮುಖ ನಿದರ್ಶನವು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ದೊರೆಯುತ್ತದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಅದರ ಬೆನ್ನಿಗೇ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆಗೆ ಇಳಿದರು. 1931ರ ಮಾರ್ಚ್ ತಿಂಗಳ ಗಾಂಧಿ–ಇರ್ವಿನ್ ಒಪ್ಪಂದದಿಂದ ಚಳವಳಿ ತಾತ್ಕಾಲಿಕವಾಗಿ ನಿಂತಿತಾದರೂ 1932ರಲ್ಲಿ ಮತ್ತೆ ಭುಗಿಲೆದ್ದಿತು. ಸರಕಾರವು ಜಮೀನುಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತ ಸಂಗತಿ ಕರ್ನಾಟಕದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1934ರಲ್ಲಿ ಗಾಂಧೀಜಿಯವರು ಈ ಭಾಗಕ್ಕೆ ಬಂದು ನೊಂದ ಕುಟುಂಬಗಳನ್ನು ಕಂಡರು.

1937ರಲ್ಲಿ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲವು ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದಿತು. 1938ರಲ್ಲಿ ಜಪ್ತಿಯಾದ ಜಮೀನುಗಳನ್ನು ಮೂಲ ಹಕ್ಕುದಾರರಿಗೆ ಮರಳಿಸುವ ಶಾಸನವನ್ನು ಮಾಡಿತು. ಸ್ವರಾಜ್ಯಕ್ಕಾಗಿ ನೆಲ ಕಳೆದುಕೊಂಡವರಿಗೆ ಸ್ವರಾಜ್ಯ ಬರುವ ಮೊದಲೇ ಅದು ಮರಳಿ ದೊರೆತದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಈ ಘಟನೆಯಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಇನ್ನೊಂದು ಅಂಶವಿದೆ. ಜಮೀನು ಜಪ್ತಿಯಾದದ್ದು ಖಾತೆದಾರನ ಹೆಸರಿನಲ್ಲಿ. ಮರಳಿ ಬಂದದ್ದೂ ಖಾತೆದಾರನ ಹೆಸರಿಗೇ. ಖಾತೆಯಲ್ಲಿ ಹೆಸರಿದ್ದವನು ಕಳೆದುಕೊಂಡದ್ದನ್ನು ರಾಜ್ಯವು ಗುರುತಿಸಬಲ್ಲದಾಗಿತ್ತು. ಅದೇ ಜಮೀನಿನ ಮೂಲೆಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಒಕ್ಕಲಿನ ಅಥವಾ ಕೂಲಿಯವನ ನಷ್ಟವನ್ನು ಗುರುತಿಸಲು ಆ ಕಾಲದ ದಾಖಲೆಯಲ್ಲಿ ಸ್ಥಾನವೇ ಇರಲಿಲ್ಲ. ದಾಖಲೆಯಲ್ಲಿ ಇಲ್ಲದವನಿಗೆ ಪರಿಹಾರವೂ ಇಲ್ಲ ಎಂಬ ಈ ನಿಯಮವು ಮುಂದಿನ ಎಲ್ಲ ಅಧ್ಯಾಯಗಳಲ್ಲಿಯೂ ನಮಗೆ ಎದುರಾಗುತ್ತದೆ.

4. ರೈತ ಚಳವಳಿ ಮತ್ತು 1948ರ ಗೇಣಿ ಶಾಸನ

ದಾಖಲೆಯಲ್ಲಿ ಹೆಸರಿಲ್ಲದ ಈ ಜನರನ್ನು ಸಂಘಟಿಸುವ ಕಾರ್ಯವನ್ನು 1930ರ ದಶಕದ ಕೊನೆಯಲ್ಲಿ ಕೈಗೊಂಡವರಲ್ಲಿ ದಿನಕರ ದೇಸಾಯಿಯವರು ಪ್ರಮುಖರು. 1909ರಲ್ಲಿ ಜನಿಸಿದ ಅವರು ಭಾರತ ಸೇವಕ ಸಮಾಜದ ಸದಸ್ಯರಾಗಿದ್ದರು. ಚುಟುಕುಗಳ ಕವಿಯೆಂದು ಕನ್ನಡಿಗರಿಗೆಲ್ಲ ಪರಿಚಿತರಾದ ಇವರು ಕರಾವಳಿಯ ಗೇಣಿ ಒಕ್ಕಲುಗಳನ್ನು ಒಂದುಗೂಡಿಸಿ, ಹೆಚ್ಚಿನ ಗೇಣಿ, ಬಿಟ್ಟಿ ದುಡಿಮೆ, ಒಕ್ಕಲೆಬ್ಬಿಸುವಿಕೆಗಳ ವಿರುದ್ಧ ದನಿ ಎತ್ತಿದರು. ಪರಿಣಾಮವಾಗಿ 1940ರಲ್ಲಿ ಸರಕಾರವು ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಒಬ್ಬ ಸಂಘಟಕನನ್ನು ಜಿಲ್ಲೆಯಿಂದ ಹೊರಗಿಡಬೇಕೆಂದು ಸರಕಾರಕ್ಕೆ ಅನಿಸಿತೆಂದರೆ, ಒಕ್ಕಲುಗಳ ಸಂಘಟನೆ ಎಷ್ಟು ಬಲಗೊಂಡಿತ್ತೆಂಬುದು ವಿದಿತವಾಗುತ್ತದೆ.

ಸ್ವಾತಂತ್ರ್ಯಾನಂತರ ಬಂದ 1948ರ ಮುಂಬಯಿ ಗೇಣಿ ಮತ್ತು ಕೃಷಿ ಜಮೀನುಗಳ ಶಾಸನದಲ್ಲಿ ಮನೆಯ ಪ್ರಶ್ನೆಗೆ ಪ್ರತ್ಯೇಕವಾದ ಕಲಮುಗಳಿದ್ದವು. ಚರಿತ್ರಕಾರರು ಈ ಶಾಸನವನ್ನು ಚರ್ಚಿಸುವಾಗ ಗೇಣಿಯ ಪ್ರಮಾಣ, ಉಳುವವನ ಹಕ್ಕು ಇವುಗಳಿಗೆ ಕೊಟ್ಟ ಗಮನವನ್ನು ಈ ಕಲಮುಗಳಿಗೆ ಕೊಟ್ಟಿಲ್ಲ. 16ನೆಯ ಕಲಮಿನ ಪ್ರಕಾರ ಒಡೆಯನ ನಿವೇಶನದಲ್ಲಿ ಗೇಣಿದಾರನು ತನ್ನ ಅಥವಾ ತನ್ನ ಹಿಂದಿನವರ ಖರ್ಚಿನಿಂದ ಮನೆ ಕಟ್ಟಿಕೊಂಡಿದ್ದರೆ ಅವನನ್ನು ಆ ಮನೆಯಿಂದ ಸುಲಭವಾಗಿ ಹೊರಹಾಕುವಂತಿರಲಿಲ್ಲ. ಮನೆಯು ಗೇಣಿದಾರನ ಖರ್ಚಿನಿಂದ ಕಟ್ಟಿದ್ದಲ್ಲವೆಂದು ಒಡೆಯನೇ ಸಾಬೀತುಪಡಿಸಬೇಕಾಗಿತ್ತು. 17ನೆಯ ಕಲಮು ಅಂಥ ನಿವೇಶನವನ್ನು ಮಾರುವಾಗ ಕೊಳ್ಳುವ ಮೊದಲ ಅವಕಾಶವನ್ನು ಗೇಣಿದಾರನಿಗೆ ಕೊಟ್ಟಿತು. 18ನೆಯ ಕಲಮು ಈ ರಕ್ಷಣೆಯನ್ನು ಕೃಷಿ ಕೂಲಿಗಳಿಗೂ ಕೈಕಸುಬಿನವರಿಗೂ ವಿಸ್ತರಿಸಿತು.

ಇಲ್ಲಿ ಗಮನಿಸಬೇಕಾದದ್ದು ಸಾಬೀತಿನ ಹೊಣೆಯ ಸ್ಥಳಾಂತರ. ಅಕ್ಷರ ಬಲ್ಲ, ಕಾಗದ ಪತ್ರ ಇರಿಸಿಕೊಂಡ, ವಕೀಲರನ್ನು ಹಿಡಿಯಬಲ್ಲ ಒಡೆಯನ ಮೇಲೆ ಶಾಸನವು ಪುರಾವೆಯ ಹೊಣೆಯನ್ನು ಹೊರಿಸಿತು. ಏನೂ ಇಲ್ಲದ ಒಕ್ಕಲಿನ ಮೇಲೆ ಹೊರಿಸಲಿಲ್ಲ. ಇದು ನ್ಯಾಯಯುತವಾದುದು ಮಾತ್ರವಲ್ಲ, ವ್ಯಾವಹಾರಿಕವಾಗಿಯೂ ವಿವೇಕದ್ದು. ಆದರೂ ಇಂಥ ಕಲಮೊಂದು ಇದೆಯೆಂಬುದು ಒಕ್ಕಲಿಗೆ ತಿಳಿಯಬೇಕು. ಮಾಮಲೇದಾರರ ಕಚೇರಿಗೆ ಅರ್ಜಿ ಹೋಗಬೇಕು. ಒಡೆಯನ ಎದುರಿನಲ್ಲಿ ನಿಂತು ಮಾತಾಡುವ ಧೈರ್ಯ ಬರಬೇಕು. ಈ ಮೂರನ್ನೂ ಶಾಸನ ಕೊಡಲಾರದು. ಅವನ್ನು ಕೊಡಬಲ್ಲದ್ದು ಸಂಘಟನೆ. ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಹಳ್ಳಿಗಳಲ್ಲಿ ಶಾಲೆಗಳನ್ನು ತೆರೆಯಲು ತೊಡಗಿದುದನ್ನು ರೈತ ಚಳವಳಿಯಿಂದ ದೂರ ಸರಿದ ಕಾರ್ಯವೆಂದು ತಿಳಿಯಬೇಕಾಗಿಲ್ಲ. ತಂದೆಯ ಗೇಣಿಯ ರಸೀದಿಯನ್ನು ಮಗನು ಓದಬಲ್ಲನಾದರೆ ಹಕ್ಕಿನ ಅರ್ಧ ದಾರಿ ಸವೆದಂತೆಯೇ ಸರಿ.

5. 1974ರ ಭೂಸುಧಾರಣೆ: ನಮೂನೆ 7

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಯ ಜಮೀನೆಲ್ಲವೂ ಅಂದಿನಿಂದ ರಾಜ್ಯ ಸರಕಾರಕ್ಕೆ ಸೇರಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಪಡೆಯಬೇಕಾಯಿತು. ಅರ್ಜಿಯ ಗಡುವು ಹಲವು ಬಾರಿ ಮುಂದಕ್ಕೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಅರ್ಜಿಗಳ ತೀರ್ಮಾನಕ್ಕೆ ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸರಕಾರದಿಂದ ನೇಮಕಗೊಂಡ ನಾಲ್ವರು ಸದಸ್ಯರು ಅಲ್ಲಿ ಕೂರುತ್ತಿದ್ದರು. ಆರಂಭದಲ್ಲಿ ವಕೀಲರಿಗೆ ಅಲ್ಲಿ ವಾದಿಸುವ ಅವಕಾಶವಿರಲಿಲ್ಲ. ಆದುದರಿಂದ ಅರ್ಜಿ ಬರೆಯುವುದು, ನೆರೆಯ ಸಾಕ್ಷಿಗಳನ್ನು ಕೂಡಿಸುವುದು, ವಿಚಾರಣೆಯ ದಿನ ಒಕ್ಕಲಿನ ಜೊತೆ ನಿಲ್ಲುವುದು ಇವೆಲ್ಲ ಊರಿನ ರೈತ ಕಾರ್ಯಕರ್ತರ, ಶಾಲಾ ಮಾಸ್ತರರ ಪಾಲಿಗೆ ಬಂದ ಕೆಲಸಗಳಾದವು.

ಇದೇ ಕಾಯ್ದೆಯ 38ನೆಯ ಕಲಮು ಗೇಣಿಯ ಹಕ್ಕೂ ಇಲ್ಲದ, ಇನ್ನೊಬ್ಬರ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಕೃಷಿ ಕೂಲಿಗೆ ಆ ಮನೆಯ ಮತ್ತು ಅದಕ್ಕೆ ಹೊಂದಿದ ನಿವೇಶನದ ಒಡೆತನವನ್ನು ಕೊಡಮಾಡಿತು. ಭೂಹೀನರಿಗೆ ನಿವೇಶನ ಹಂಚುವ ಕಾರ್ಯವೂ 1970ರ ದಶಕದಲ್ಲಿ ನಡೆಯಿತು. ಕರಾವಳಿಯ ಬಡವನ ಮನೆಯ ಚರಿತ್ರೆಯಲ್ಲಿ ಇದು ಅತ್ಯಂತ ದೊಡ್ಡ ತಿರುವೆಂಬುದರಲ್ಲಿ ಸಂದೇಹವಿಲ್ಲ. ಇಂದು ತನ್ನ ಹೆಸರಿನ ಪಹಣಿಯನ್ನು ಕೈಯಲ್ಲಿ ಹಿಡಿದ ಎಷ್ಟೋ ಕುಟುಂಬಗಳ ಅಜ್ಜಂದಿರು ಚಾಲಗೇಣಿಯ ಒಕ್ಕಲುಗಳಾಗಿದ್ದರು.

ಹಾಗೆಂದು ಎಲ್ಲರೂ ಈ ದೋಣಿಯನ್ನು ಹತ್ತಲಿಲ್ಲ. ಗಡುವಿನೊಳಗೆ ಅರ್ಜಿ ಹಾಕದವರು, ಒಡೆಯನ ಮಾತಿಗೆ ಅಂಜಿ ಅಥವಾ ದಾಕ್ಷಿಣ್ಯಕ್ಕೆ ಒಳಗಾಗಿ ಸುಮ್ಮನಾದವರು ಹೊರಗೇ ಉಳಿದರು. ಕುಟುಂಬಗಳು ಬೆಳೆದು ಪಾಲಾದಾಗ ಕಿರಿಯರಿಗೆ ಮನೆಯಡಿ ಸಾಲದಾಯಿತು. ಗದ್ದೆಯ ಬಯಲಿನಲ್ಲಿ ಎಡೆಯಿಲ್ಲದವರಿಗೆ ಮಿಕ್ಕಿದ್ದು ಎರಡೇ ದಿಕ್ಕು: ಮೂಡಣಕ್ಕೆ ಬೆಟ್ಟದ ಬುಡ, ಪಡುವಣಕ್ಕೆ ಸಮುದ್ರದ ಮರಳು. ಶರಾವತಿಯ ಅಳಿವೆಯ ಬಳಿ ಕಾಸರಕೋಡ ಟೊಂಕದಂಥ ಮೀನುಗಾರರ ನೆಲೆಗಳಲ್ಲಿ ಮರಳಿನ ಮೇಲಿನ ಮನೆಯ ಪ್ರಶ್ನೆಯು 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳೊಡನೆ ತೊಡಕಿಕೊಂಡಿದೆ. ಬೆಟ್ಟದ ಬುಡಕ್ಕೆ ಹೋದವರದು ಅರಣ್ಯದ ಪ್ರಶ್ನೆ. ಅದನ್ನೇ ಇನ್ನು ಮುಂದೆ ನೋಡೋಣ.

6. ಅರಣ್ಯದ ಅಂಚಿನ ಮನೆಗಳು

1978ರ ಏಪ್ರಿಲ್ 27ಕ್ಕೆ ಮೊದಲಿನ ಅರಣ್ಯ ಅತಿಕ್ರಮಣಗಳನ್ನು ಸಕ್ರಮಗೊಳಿಸಲು ಕರ್ನಾಟಕ ಸರಕಾರವು ಒಪ್ಪಿತ್ತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡುವುದು ಕೇಂದ್ರದ ಅನುಮತಿಯಿಲ್ಲದೆ ಆಗದ ಮಾತಾಯಿತು. ಸಂಸತ್ತು 2006ರಲ್ಲಿ ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸ ಮತ್ತು ಸಾಗುವಳಿ ಮಾಡುತ್ತಿದ್ದವರ ಹಕ್ಕನ್ನು ಅದು ಗರಿಷ್ಠ 4 ಹೆಕ್ಟೇರಿನ ಮಿತಿಯಲ್ಲಿ ಮಾನ್ಯ ಮಾಡಿತು. ಪರಿಶಿಷ್ಟ ಪಂಗಡಕ್ಕೆ ಸೇರದವರಾದರೆ ಅವರು ಆ ದಿನಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ ಹಿಂದಿನಿಂದ ಅರಣ್ಯವಾಸಿಗಳಾಗಿರಬೇಕೆಂಬ ನಿಬಂಧನೆ ಇದೆ. ಲೆಕ್ಕ ಹಾಕಿದರೆ ಅದು 1930ರ ಡಿಸೆಂಬರಿಗೆ ಹೋಗಿ ಮುಟ್ಟುತ್ತದೆ. ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಡೆದ ವರ್ಷವದು. ಆಗ ಖಾತೆದಾರನ ಹೆಸರನ್ನಲ್ಲದೆ ಬೇರೆಯವರದನ್ನು ಬರೆದಿಡದ ದಾಖಲೆಯಿಂದಲೇ ಇಂದು ಮೊಮ್ಮಕ್ಕಳು ಪುರಾವೆ ತರಬೇಕಾಗಿದೆ. 1948ರ ಶಾಸನವು ಒಡೆಯನ ಮೇಲೆ ಹೊರಿಸಿದ್ದ ಸಾಬೀತಿನ ಹೊಣೆ ಇಲ್ಲಿ ಮತ್ತೆ ಬಡವನ ಹೆಗಲಿಗೆ ಬಂದಿದೆ.

ಕಾಯ್ದೆಯ ಕರ್ತರಿಗೆ ಈ ಕಷ್ಟ ತಿಳಿಯದೆ ಇರಲಿಲ್ಲ. 2008ರ ನಿಯಮಗಳ 13ನೆಯ ನಿಯಮವು ಸರಕಾರಿ ಕಾಗದಗಳಲ್ಲದೆ ಹಳೆಯ ಮನೆ, ಬಾವಿ, ಸ್ಮಶಾನಗಳಂಥ ಕುರುಹುಗಳನ್ನೂ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯ ಬರಹವನ್ನೂ ಪುರಾವೆಯೆಂದು ಒಪ್ಪುತ್ತದೆ. ಯಾವುದೋ ಒಂದೇ ಬಗೆಯ ದಾಖಲೆಗೆ ಪಟ್ಟು ಹಿಡಿಯಬಾರದೆಂದು 2012ರ ತಿದ್ದುಪಡಿ ಹೇಳಿತು. ಅರ್ಜಿಯು ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ತಿರಸ್ಕೃತವಾದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಹೀಗಿದ್ದರೂ ಈ ಜಿಲ್ಲೆಯಲ್ಲಿ ಬಹುಪಾಲು ಅರ್ಜಿಗಳು ತಿರಸ್ಕೃತವಾಗಿವೆ. 2019ರ ಫೆಬ್ರುವರಿ 13ರಂದು ಸರ್ವೋಚ್ಚ ನ್ಯಾಯಾಲಯವು ತಿರಸ್ಕೃತರನ್ನು ತೆರವುಗೊಳಿಸುವಂತೆ ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಹದಿನೈದು ದಿನಗಳಲ್ಲಿ ಬೆಟ್ಟದ ಬುಡದ ಮನೆಗಳಲ್ಲಿ ಯಾವ ಆತಂಕವಿದ್ದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ನೆಲದ ಹಕ್ಕಿನ ಕೊರತೆಯು ಬೇರೆ ನೆರವುಗಳನ್ನೂ ತಡೆಯುತ್ತದೆ. ನಿದರ್ಶನಕ್ಕಾಗಿ ಒಬ್ಬ ವಿಧವೆಯನ್ನು ಕಲ್ಪಿಸಿಕೊಳ್ಳೋಣ. ಮಣ್ಣಿನ ಗೋಡೆಯ ಮನೆಯಲ್ಲಿರುವ ಆಕೆಯನ್ನು ಗ್ರಾಮಸಭೆಯು ವಸತಿ ಯೋಜನೆಗೆ ಆರಿಸಿತೆನ್ನೋಣ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1,20,000 ರೂಪಾಯಿ ನಿಗದಿಯಾಯಿತು. ರಾಜ್ಯದಲ್ಲಿ ಇಂಥ ಯೋಜನೆಗಳ ಹಣವನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಅಡಿಪಾಯ, ಗೋಡೆ, ಚಾವಣಿ ಹೀಗೆ ಕೆಲಸ ಮೇಲೇರಿದಂತೆ ಕಂತುಗಳಲ್ಲಿ ಕೊಡುತ್ತದೆ. ಆದರೆ ಮೊದಲು ನಿವೇಶನದ ಹಕ್ಕುಪತ್ರ ಬೇಕು. ಸರಕಾರಿ ಕಂದಾಯ ಭೂಮಿಯಾಗಿದ್ದರೆ ಭೂಕಂದಾಯ ಕಾಯ್ದೆಯ 94-ಸಿ ಕಲಮಿನಡಿ ಅದನ್ನು ಕೇಳಬಹುದು. ಅರಣ್ಯವಾದರೆ ಆ ಬಾಗಿಲೂ ಮುಚ್ಚಿದೆ. ಮಳೆಗಾಲದಲ್ಲಿ ಗುಡ್ಡ ಜರಿದು ಮನೆ ಬಿದ್ದರೂ ಇದೇ ಅಡ್ಡಿ: ವಿಪತ್ತು ಪರಿಹಾರ ನಿಧಿಯ ಮಾನದಂಡವು ಬಿದ್ದ ಮನೆ ಅಧಿಕೃತ ಕಟ್ಟಡವಾಗಿರಬೇಕೆಂದು ಕೇಳುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಈ ನಾಡಿನಲ್ಲಿ ಗುಡ್ಡದ ಬುಡದ ವಾಸ ಎಂಥ ಅಪಾಯದ್ದೆಂಬುದನ್ನು ಆ ದುರಂತ ತೋರಿಸಿತು. ಬೇರೆಡೆ ನೆಲವಿಲ್ಲದವನು ಮಾತ್ರ ಆ ಅಪಾಯವನ್ನು ಬಲ್ಲವನಾಗಿಯೂ ಅಲ್ಲಿಯೇ ಇರಬೇಕಾಗುತ್ತದೆ.

7. ನಡುವಣ ಸಂಸ್ಥೆಯ ಕೆಲಸ ಮತ್ತು ಅದರ ಮಿತಿ

ಶಿರಸಿಯ ನ್ಯಾಯವಾದಿ ಎ. ರವೀಂದ್ರ ನಾಯ್ಕ ಅವರ ಮುಂದಾಳುತನದ ಅರಣ್ಯಭೂಮಿ ಹಕ್ಕು ಹೋರಾಟಗಾರರ ವೇದಿಕೆಯು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತ ಬಂದಿದೆ. ಅರಣ್ಯವಾಸಿಗಳ ಸಭೆ ಸೇರಿಸಿ ಕಾಯ್ದೆಯನ್ನು ವಿವರಿಸುವುದು, ಅರ್ಜಿ ಮತ್ತು ಮೇಲ್ಮನವಿಗಳನ್ನು ಸಲ್ಲಿಸುವಂತೆ ಮಾಡುವುದು ಅದರ ಕಾರ್ಯ. ಕಾಯ್ದೆಯು ಕೇಳುವುದು ಮೂರು ತಲೆಮಾರಿನ ವಾಸವನ್ನೇ ಹೊರತು ಅದೇ ತುಂಡು ನೆಲದ 75 ವರ್ಷಗಳ ಸ್ವಾಧೀನವನ್ನಲ್ಲ ಎಂಬುದು ಈ ಹೋರಾಟದ ಮುಖ್ಯ ವಾದ. ಕಾಯ್ದೆಯ ಪದಗಳನ್ನು ಓದಿದರೆ ಈ ವಾದಕ್ಕೆ ಆಧಾರವಿದೆಯೆಂದೇ ತೋರುತ್ತದೆ.

ಮೇಲಿನ ಚರಿತ್ರೆಯನ್ನೆಲ್ಲ ಒಟ್ಟಾಗಿ ಅವಲೋಕಿಸಿದಾಗ ಇಂಥ ಸಂಸ್ಥೆಗಳು ಮಾಡುವ ಕೆಲಸ ಮೂರು ಬಗೆಯದೆಂದು ಹೇಳಬಹುದು. ಮೊದಲನೆಯದು ತಿಳಿಸುವುದು, ಎರಡನೆಯದು ಬರೆಯುವುದು, ಮೂರನೆಯದು ಜೊತೆಗೆ ಹೋಗುವುದು. ಇವುಗಳಲ್ಲಿ ಎರಡನೆಯದೇ ಬಹು ಮುಖ್ಯ. ಬಡವನ ಬದುಕು ಬಾಯಿಮಾತಿನಲ್ಲಿ ನಡೆದದ್ದು. ರಾಜ್ಯವು ಓದುವುದು ಕಾಗದವನ್ನು. ಅಜ್ಜಿ ನೆಟ್ಟ ಹಲಸಿನ ಮರವನ್ನು, ಊರವರೆಲ್ಲ ಬಲ್ಲ ಬಾವಿಯನ್ನು ಪುರಾವೆಯ ಭಾಷೆಗೆ ತಿರುಗಿಸುವವರು ಯಾರಾದರೂ ಬೇಕು.

ಈ ವಿಚಾರದಲ್ಲಿ ಎರಡು ಆಕ್ಷೇಪಗಳು ಬರಬಹುದು. ಕಾಡನ್ನು ಉಳಿಸಬೇಕಾದ ಜಿಲ್ಲೆಯಲ್ಲಿ ಅತಿಕ್ರಮಣಕ್ಕೆ ಬೆಂಬಲ ಸಲ್ಲದೆಂಬುದು ಮೊದಲನೆಯದು. ಇದನ್ನು ಹಗುರವಾಗಿ ತಳ್ಳುವಂತಿಲ್ಲ. ಗುಡ್ಡದ ಮರ ಹೋದರೆ ಮೊದಲು ಕೆಡುವುದು ಗುಡ್ಡದ ಬುಡದ ಬಡವನ ಮನೆಯೇ. ಆದರೆ ಕಾಯ್ದೆಯೇ ಒಂದು ದಿನಾಂಕವನ್ನು ಗೊತ್ತುಪಡಿಸಿದೆ. ಹಳೆಯ ನಿವಾಸಿಯ ಪುರಾವೆಯನ್ನು ಸರಿಯಾಗಿ ಬರೆದು ಪರೀಕ್ಷಿಸಿದರೆ ಹೊಸ ಅತಿಕ್ರಮಣವನ್ನು ಬೇರ್ಪಡಿಸುವುದೂ ಸುಲಭವಾಗುತ್ತದೆ. ಪುರಾವೆಯನ್ನು ನೋಡದೆ ತಳ್ಳುವುದರಿಂದ ಕಾಡಿಗೂ ಲಾಭವಿಲ್ಲ. ಎರಡನೆಯ ಆಕ್ಷೇಪವು ಸಂಸ್ಥೆಗಳ ಮೇಲಿನದು. ಅವುಗಳ ಬಾಗಿಲಿಗೆ ಬಂದವನಿಗಷ್ಟೇ ನೆರವು ಸಿಗುತ್ತದೆ. ಬಾರದವನು ಎಂದಿನಂತೆ ಹೊರಗೇ ಉಳಿಯುತ್ತಾನೆ. ಅಲ್ಲದೆ ಹಕ್ಕಾಗಿ ಬರಬೇಕಾದದ್ದು ಉಪಕಾರವಾಗಿ ಬಂದರೆ ಒಡೆಯನ ಹಂಗು ಹೋಗಿ ಮುಂದಾಳಿನ ಹಂಗು ಬಂದಂತಾಗುತ್ತದೆ. ಈ ಮಾತು ನಿಜ. ಇದಕ್ಕೆ ಪರಿಹಾರವು ನಡುವಣ ಸಂಸ್ಥೆಗಳನ್ನು ತೆಗೆದುಹಾಕುವುದರಲ್ಲಿಲ್ಲ. ಅವು ಮಾಡುವ ಕೆಲಸವನ್ನು ಹೆಚ್ಚು ಮಂದಿ ಕಲಿಯುವುದರಲ್ಲಿದೆ.

8. ಉಪಸಂಹಾರ

1938ರಲ್ಲಿ ಖಾತೆದಾರನು, 1948ರಲ್ಲಿ ಮತ್ತು 1974ರಲ್ಲಿ ಗೇಣಿದಾರನೂ ಕೂಲಿಯವನೂ, 2006ರಲ್ಲಿ ಅರಣ್ಯವಾಸಿಯು, ಹೀಗೆ ರಾಜ್ಯದ ಕಣ್ಣಿಗೆ ಬೀಳುವವರ ವೃತ್ತ ಹಂತಹಂತವಾಗಿ ಅಗಲವಾಗುತ್ತ ಬಂದಿದೆ. ಪ್ರತಿ ಹಂತದಲ್ಲಿಯೂ ಶಾಸನಕ್ಕೆ ಮುಂಚೆ ಮತ್ತು ಶಾಸನದ ನಂತರ ಸಂಘಟಿತರಾದ ಜನರ ದುಡಿಮೆ ಇದೆ. ಪ್ರತಿ ಹಂತದಲ್ಲಿಯೂ ಕಾಗದವಿಲ್ಲದೆ ಹಿಂದುಳಿದವರೂ ಇದ್ದಾರೆ.

ಇಲ್ಲಿ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಕರ್ತವ್ಯವಿದೆಯೆಂದು ನಾವು ಭಾವಿಸುತ್ತೇವೆ. ಹಿರಿಯರ ಹೇಳಿಕೆಯನ್ನು ಕಾನೂನೇ ಪುರಾವೆಯೆಂದು ಒಪ್ಪಿರುವಾಗ ಅದನ್ನು ಕ್ರಮಬದ್ಧವಾಗಿ ಬರೆದುಕೊಳ್ಳುವ ವಿದ್ಯೆ ನಮ್ಮದು. ಹಳೆಯ ಮತದಾರರ ಪಟ್ಟಿ, ಶಾಲೆಯ ದಾಖಲಾತಿ ಪುಸ್ತಕ, ಗೇಣಿಯ ರಸೀದಿ, ಸರ್ವೆಯ ನಕಾಶೆ ಇವು ನಮಗೆ ಆಕರ ಸಾಮಗ್ರಿಗಳು. ಕೊಪ್ಪದ ಮನೆಯವರಿಗೆ ಅವು ನೆಲದ ಆಧಾರಗಳು. ಕುಮಟೆಯ, ಹೊನ್ನಾವರದ, ಭಟ್ಕಳದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದವರು. 1930ರ ನೆನಪನ್ನು ತಂದೆತಾಯಿಗಳ ಬಾಯಿಂದ ಕೇಳಿದ ಮುದುಕರು ಇಂದು ವಿರಳರಾಗುತ್ತಿದ್ದಾರೆ. ಅವರ ಮಾತನ್ನು ಹೆಸರು, ಸ್ಥಳ, ದಿನಾಂಕಗಳೊಡನೆ ಬರೆದಿಡುವ ಕಾರ್ಯವನ್ನು ಇನ್ನು ತಡಮಾಡುವಂತಿಲ್ಲ.